ಅರಿವೆಯ ಹಿಂಬದಿ

ಸಂಡೂರಿನ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕ,
ಅಂದರೆ ಎಂಟು ವರ್ಷದಿಂದ ಅತಿಥಿ.
ಬೆಳಿಗ್ಗೆ ಹಲಗೆಯ ಮೇಲೆ 1066 ಎಂದು ಬರೆದರೆ
ಮಧ್ಯಾಹ್ನಕ್ಕೆ ಎರಡೂ ಆರುಗಳ ಹೊಟ್ಟೆಯಲ್ಲಿ ಕೆಂಪು ದೂಳು.
ಅದಿರಿನ ಲಾರಿಗಳಿಗೆ ಇತಿಹಾಸದ ಪೀರಿಯಡ್ಡು ಗೊತ್ತಿಲ್ಲ.

ಒಂದೇ ವರ್ಷ, ಮೂವರು ದೊರೆಗಳು, ಎನ್ನುತ್ತೇನೆ.
ಒಬ್ಬ ಹಾಸಿಗೆಯಲ್ಲಿ ಸತ್ತ, ಒಬ್ಬ ದಿಬ್ಬದ ಮೇಲೆ,
ಇನ್ನೊಬ್ಬ ಕಡಲು ದಾಟಿ ಬಂದು
ಡಿಸೆಂಬರಿಗೆಲ್ಲ ಕಿರೀಟ ಹಾಕಿಕೊಂಡ.
ಐದು ಅಂಕದ ಪ್ರಶ್ನೆ. ಬರೆದುಕೊಳ್ಳುತ್ತಾರೆ.
ಕೊನೆಯ ಬೆಂಚಿನ ಅಂಜನಿ ಮಾತ್ರ
ಪುಸ್ತಕದ ಮಸುಕು ಚಿತ್ರವನ್ನು ಮೊಬೈಲಿನಲ್ಲಿ ಹಿಡಿದಳು:
ಆ ಗೆಲುವಿನ ಕತೆ ಹೊಲಿದ, ಎಪ್ಪತ್ತು ಮೀಟರಿನ ನಾರುಬಟ್ಟೆ.
"ನಮ್ಮ ಯಾಡಿಗೆ ತೋರಿಸ್ತೀನ್ರಿ ಸರ."

ಭಾನುವಾರ ತಾಂಡಾದಿಂದ ನನಗೇ ಕರೆ ಬಂತು.
ಕಟ್ಟೆಯ ಮೇಲೆ ಕೇಸ್ಲಿಬಾಯಿ, ಮಡಿಲಲ್ಲಿ ದಿಂಬಿನ ಕವರು,
ಹಲ್ಲಿನ ನಡುವೆ ದಾರ, ಮೂಗಿನ ತುದಿಗೆ ಕನ್ನಡಕ.
ನೀರು ಕೊಟ್ಟಳು, ಚಹಾ ಕೊಟ್ಟಳು,
ಆಮೇಲೆ ವಿಚಾರಣೆ ಶುರು ಮಾಡಿದಳು.

"ಇದೇನ್ರಿ, ಆಕಾಶದಾಗ ಕಸಬರಿಗಿ?"
ಧೂಮಕೇತು, ಎಂದೆ. ಆ ವರ್ಷ ಕಂಡಿತ್ತಂತೆ.
"ಹೊಲಿದೋರು ಯಾರು?"
ಗೊತ್ತಿಲ್ಲ. ಸೋತ ನಾಡಿನ ಹೆಣ್ಣುಮಕ್ಕಳಿರಬಹುದು ಅಂತಾರೆ.
"ಅವರs ಇರಬೇಕು. ನೋಡ್ರಿ ಇಲ್ಲೆ,
ರಾಜನ ಮಾರಿಗೆ ನಾಕು ಗೀಟು ಎಳದು ಮುಗಿಸ್ಯಾರ.
ಬಿದ್ದ ಕುದುರಿಗೆ ಎಷ್ಟು ದಾರ ಸುರದಾರ ನೋಡ್ರಿ.
ಒಂದು ಕಾಲು ಹಳದಿ, ಒಂದು ಕಾಲು ಹಸರು.
ಇದು ನಮ್ಮ ವೇಲೆ ಅಲ್ಲ ಖರೆ, ಅದರ ತಂಗಿ ಇದ್ದಂಗೈತಿ."

ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿದಳು.
ಉರಿಯುವ ಮನೆ. ಮಗುವಿನ ಕೈ ಹಿಡಿದು
ಹೊರಗೆ ಬರುತ್ತಿರುವ ಒಬ್ಬಳು.
"ಮ್ಯಾಲೆ ಬರದದ್ದು ಓದ್ರಿ."
ಓದಿದೆ: ಇಲ್ಲಿ ಒಂದು ಮನೆ ಸುಡಲಾಗುತ್ತಿದೆ.
"ಅಷ್ಟs?"
ಅಷ್ಟೇ. ಅವಳ ಹೆಸರಿಲ್ಲ.
ಕೊಳ್ಳಿ ಹಿಡಿದವರ ಹೆಸರೂ ಇಲ್ಲ.

ಅವಳು ಗುಡ್ಡದ ಕಡೆ ನೋಡಿದಳು,
ಗುಡ್ಡವಿದ್ದ ಕಡೆ. ಈಗ ಅಲ್ಲಿ ಕೆಂಪು ಮೆಟ್ಟಿಲುಗಳು,
ಯಾರೂ ಹತ್ತದ್ದು, ಆಕಾಶದಿಂದ ಕೆಳಗಿಳಿದು ನಿಂತದ್ದು.
"ನಮ್ಮ ಹಳೇ ತಾಂಡಾ ಅದರ ಬೆನ್ನ ಮ್ಯಾಲಿತ್ರಿ.
ಬೆಂಕಿ ಹಚ್ಚಲಿಲ್ಲ. ಹಾಳಿ ತಂದ್ರು."

ನನಗೆ ಹೇಳಲು ಏನೂ ಇರಲಿಲ್ಲ.
ಚಹಾದ ಲೋಟದಲ್ಲಿ ಒಂದು ಗುಟುಕು ಉಳಿದಿತ್ತು,
ಅದನ್ನೇ ಎರಡು ಸಲ ಕುಡಿದೆ.

"ಹಿಂಬದಿ ಫೋಟೋ ಇಲ್ಲೇನ್ರಿ?"
ಇಲ್ಲ.
"ಮುಂದಿಂದು ಗಿರಾಕಿಗೆ ಸರ.
ಹಿಂದ ನೋಡಿದ್ರ ತಿಳಿತೈತಿ
ಯಾವಾಕಿ ಅವಸರ ಮಾಡ್ಯಾಳ, ಯಾವಾಕಿ ದಾರ ತೀರಿತ್ತು,
ಯಾವಾಕಿ ನಡಬರಕ ಎದ್ದು
ಕೂಸಿಗೆ ಹಾಲು ಕುಡಿಸಿ ಬಂದು ಕುಂತಾಳ."

ಕೊನೆಯ ತುಂಡು ಕಳೆದುಹೋಗಿದೆ, ಎಂದೆ,
ಕಿರೀಟ ಇಡುವ ಜಾಗ ಇದ್ದಿರಬೇಕು.
ಮುಂದೆಂದೋ ಒಂದು ದಂಗೆಯ ಕಾಲಕ್ಕೆ ಈ ಅರಿವೆಯನ್ನೇ
ಸಾಮಾನಿನ ಬಂಡಿಗೆ ತಾಡಪಾಲು ಮಾಡಲು ಹೊರಟಿದ್ದರಂತೆ.
ಕೇಸ್ಲಿಬಾಯಿ ನಕ್ಕಳು. ತೋಳಿನ ಬಳೆಗಳೆಲ್ಲ ನಕ್ಕವು.
"ಮಳಿ ಇತ್ತೇನೋ ಪಾಪ!"

ಪರೀಕ್ಷೆ ಮುಗಿಯಿತು. ಅಂಜನಿಗೆ ಐದಕ್ಕೆ ಮೂರು,
ನಾನೇ ಕೊಟ್ಟದ್ದು. ದೊರೆಗಳ ಹೆಸರು ಅದಲುಬದಲಾಗಿತ್ತು.

ಆರ್ಡರು ನಲವತ್ತು ಕವರಿನದು, ಕುದುರೆ ಅದರಲ್ಲಿರಲಿಲ್ಲ.
ಮೂವತ್ತೊಂದನೆಯದರ ಮೂಲೆಯಲ್ಲಿ
ಬೆರಳುಗುರಿನಷ್ಟು ಒಂದು, ಹಸಿರು ಕಾಲಿನದು.
ಪಾಸು ಮಾಡುವ ಹುಡುಗ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ
ವಾಪಸು ಕಳಿಸಿದ.

ಎರಡು ತಿಂಗಳ ಗೌರವಧನ ಬಂದಿಲ್ಲ,
ಆದರೂ ನೂರ ಎಂಬತ್ತು ಕೊಟ್ಟು ಕೊಂಡೆ.
ಮನೆಗೆ ತಂದು ಒಳಹೊರಗು ಮಾಡಿದೆ.
ಹಸಿರು ದಾರದ ಒಂದೇ ಗಂಟು,
ಕತ್ತರಿಯದ್ದಲ್ಲ,
ಹಲ್ಲಿನಿಂದ ಕಡಿದದ್ದು.