ಕೊಸರು, ಸೂಟು

ಹಾಸನದ ಆಲೂಗಡ್ಡೆ ಮಾರುಕಟ್ಟೆಯ ಗೇಟಿನ ಪಕ್ಕ
ಹದಿನೆಂಟು ವರ್ಷದಿಂದ ನಾನು ಲಾರಿ ತೂಗುತ್ತೇನೆ.
ತುಂಬಿದ ತೂಕ, ಖಾಲಿ ತೂಕ,
ಕಳೆದರೆ ಮಾಲು. ಇಷ್ಟೇ ನನ್ನ ವಿದ್ಯೆ.
ಡ್ರೈವರ್ ಇಳಿದನೋ, ಸೀಟಿನಲ್ಲೇ ಕೂತನೋ
ಕಿಟಕಿ ನೋಡದೆ ಹೇಳಬಲ್ಲೆ.

ನನ್ನನ್ನು ತೂಗಿದವರು ತನುಜಾ ಮೇಡಂ,
ದೊಡ್ಡಾಸ್ಪತ್ರೆಯ ಎರಡನೇ ಮಹಡಿ, ಮೂಲೆಯ ಕೋಣೆ.
ತೊಂಬತ್ತನಾಲ್ಕು ಕೇಜಿ. ನೂರ ಅರವತ್ತೆಂಟು ಸೆಂಟಿಮೀಟರ್.
ನಲವತ್ತಾರು ವರ್ಷ.
ರಕ್ತದ ಚೀಟಿ ಮಗುಚಿ, ಅದರ ಬೆನ್ನಿಗೇ ಬರೆದರು:

ತೂಕಕ್ಕೆ ಹತ್ತರಂತೆ, ಒಂಬೈನೂರ ನಲವತ್ತು.
ಎತ್ತರಕ್ಕೆ ಆರೂಕಾಲು, ಸಾವಿರದ ಐವತ್ತು.
ವಯಸ್ಸಿಗೆ ಐದರಂತೆ ಕಳೆಯಿರಿ, ಇನ್ನೂರ ಮೂವತ್ತು.
"ಸೂಟು," ಅಂದೆ. ಅವರಿಗೆ ತಿಳಿಯಲಿಲ್ಲ.
ಮಣ್ಣಿಗೆ, ಕೊಳೆತಿದ್ದಕ್ಕೆ, ಗೋಣಿಗೆ ಅಂತ
ಮಂಡಿಯಲ್ಲಿ ಮೂಟೆಗಿಷ್ಟು ಹಿಡಿಯುತ್ತಾರಲ್ಲ ಮೇಡಂ, ಅದು.
ನಕ್ಕರು. ಕೊನೆಗೆ, ಗಂಡಸಾದರೆ, ಐದು ಸೇರಿಸಿ.
ಇದು ಕೊಸರು, ಅಂದುಕೊಂಡೆ.

ಸಾವಿರದ ಏಳ್ನೂರ ಅರವತ್ತೈದು:
ಹಾಸಿಗೆ ಬಿಟ್ಟು ಏಳದಿದ್ದರೂ ಬೇಕಾದದ್ದು,
ಗೇಟಿನಲ್ಲಿ ನಿಂತ ಲಾರಿ ಸುಮ್ಮನೆ ಗುರುಗುಟ್ಟುತ್ತ
ಡೀಸೆಲ್ ಕುಡಿಯುವ ಹಾಗೆ.
ಕುರ್ಚಿಯ ಕೆಲಸ, ಒಂದು ಪಾಯಿಂಟ್ ಎರಡರಿಂದ ಗುಣಿಸಿ,
ಎರಡು ಸಾವಿರದ ನೂರ ಹದಿನೆಂಟು.
ಅದರಲ್ಲಿ ಐನೂರು ಬಿಡಿ. ಐನೂರೇ.
ಉಪವಾಸ ಬೀಳಬೇಡಿ, ವಾರಕ್ಕೆ ಅರ್ಧ ಕೇಜಿ ಸಾಕು.

ಅರ್ಧ ಕೇಜಿ!
ಹತ್ತು ಕೇಜಿಗೆ ಕಮ್ಮಿಯಾದದ್ದು
ನನ್ನ ಕಾಟಾದ ಕಣ್ಣಿಗೇ ಬೀಳುವುದಿಲ್ಲ.

ಬೇಕರಿಯಿಂದ ಸಣ್ಣ ತಕ್ಕಡಿ ತಂದೆ.
"ಮುದ್ದೆಗೂ ಕಾಟಾನಾ?" ಅಂದಳು ಲೋಲಾಕ್ಷಿ.
ಮುನ್ನೂರ ಹತ್ತು. ಮುನ್ನೂರ ಎಂಟು. ಮುನ್ನೂರ ಹನ್ನೆರಡು.
ಇಲಾಖೆಯವರು ಬಂದು ಮುದ್ರೆ ಒತ್ತಬೇಕಾದ ಕೈ!
"ಎಷ್ಟು ಬೇಕು ಹೇಳು, ಕೈ ಕಲಿಯುತ್ತೆ."
ಇನ್ನೂರು ಅಂದೆ. ಮೂರನೇ ದಿನಕ್ಕೆ
ಇನ್ನೂರೇ ಕೂತಿತ್ತು ತಟ್ಟೆಯಲ್ಲಿ, ಉಪ್ಪುಸಾರಿನ ನಡುವೆ
ಸಣ್ಣಗೆ, ಸ್ವಲ್ಪ ನಾಚಿಕೊಂಡು.

ಒಂದು ರಾತ್ರಿ, ತಮಾಷೆಗೆ, ಅವಳದನ್ನೂ ಹಾಕಿದೆ.
ಎತ್ತರ ಅವಳಿಗೇ ಗೊತ್ತಿರಲಿಲ್ಲ, ಬಾಗಿಲಿಗೆ ನಿಲ್ಲಿಸಿ ಗೆರೆ ಎಳೆದೆ.
ಐವತ್ತೆರಡು ಕೇಜಿ, ನೂರ ಐವತ್ತೆರಡು, ನಲವತ್ತೊಂದು.
ಕೊನೆಗೆ, ಹೆಂಗಸಾದರೆ, ನೂರ ಅರವತ್ತೊಂದು ಕಳೆಯಿರಿ.
"ಯಾಕೆ?"
ಸೂತ್ರ ಹಾಗಿದೆ.
"ನಿನಗೆ ಕೊಸರು, ನನಗೆ ಸೂಟು."
ತಟ್ಟೆ ತೊಳೆಯುತ್ತಲೇ ಅಂದಳು.

ಆದರೆ ಗುಣಿಸುವಾಗ ಕೈ ತಡೆಯಿತು.
ಶೈತ್ಯಾಗಾರದಲ್ಲಿ ದಿನವಿಡೀ ನಿಂತು
ಬೀಜದ ಗಡ್ಡೆ ಆರಿಸಿ ಬುಟ್ಟಿ ಹೊರುವವಳಿಗೆ
ಒಂದು ಪಾಯಿಂಟ್ ಎರಡು ಹೇಗೆ ಹಾಕಲಿ?
ಒಂದು ಪಾಯಿಂಟ್ ಐವತ್ತೈದು.
ಸಾವಿರದ ಏಳ್ನೂರ ಹನ್ನೊಂದು.
ನನಗೆ ಬಿಟ್ಟದ್ದಕ್ಕಿಂತ ಜಾಸ್ತಿ.

ಇವತ್ತೇನು ತಿಂದೆ?
ಬೆಳಿಗ್ಗೆ ಕಾಫಿ. ಡಬ್ಬಿಯಲ್ಲಿ ಚಿತ್ರಾನ್ನ.
ಈಗ, ಪಾತ್ರೆಗೆ ಅಂಟಿದ್ದು ಕೆರೆದು ಒಂದಿಷ್ಟು.
ಒಂಬೈನೂರ ಐವತ್ತು ಮುಟ್ಟಲಿಲ್ಲ.
ಮೂರು ಸಲ ಕೂಡಿದೆ. ಲಾರಿಯ ಲೆಕ್ಕ
ನಾನು ಎರಡು ಸಲ ಕೂಡಿದವನಲ್ಲ.

ನನ್ನ ಪಾಲಿನದೊಂದು ಮುದ್ದೆ ಅತ್ತ ದೂಡಿದೆ.
"ನೀನು ಬಿಟ್ಟಿದ್ದಕ್ಕೆಲ್ಲ ನಾನು ತೊಟ್ಟಿನಾ?"
ಸುಮ್ಮನಾದೆ. ಮಾರನೇ ದಿನ ಐದಕ್ಕೆ ಎದ್ದು
ಎರಡು ಮೊಟ್ಟೆ ಬೇಯಿಸಿದೆ, ಕಡಲೆಕಾಯಿ ಹುರಿದೆ,
ಒಂದಿಷ್ಟು ಕರಿದುಹೋಯಿತು.
ಡಬ್ಬಿಯಲ್ಲಿ ಅದನ್ನೂ ತಿಂದು ಬಂದಿದ್ದಳು.

ಹನ್ನೊಂದು ವಾರ. ಆಸ್ಪತ್ರೆಯಲ್ಲಿ ಎಂಬತ್ತೊಂಬತ್ತು.
ಸಂಜೆ ಲಾರಿಗಳು ಹೋದ ಮೇಲೆ ಕಾಟಾದ ಮೇಲೆ ನಾನೇ ನಿಂತೆ,
ಕೆಂಪು ಅಂಕಿ: ತೊಂಬತ್ತು. ಮೊದಲ ದಿನವೂ ತೊಂಬತ್ತೇ.
"ಏನಣ್ಣ, ಖಾಲಿ ತೂಕವಾ?" ಮುನೀರ ಗೋಣಿ ಮಡಚುತ್ತ ಕೇಳಿದ.

ಕೆಲಸ ಮುಗಿಸಿ ಅದೇ ದಾರಿಯಲ್ಲಿ ಬಂದವಳು
ಚಪ್ಪಲಿ ಸಮೇತ ಹತ್ತಿದಳು, ನನ್ನನ್ನು ಇಳಿಸಿ.
ಐವತ್ತು. ಸರಿಯಾಗಿ ಒಂದು ಮೂಟೆ, ಅಂದೆ.
ಅಂಕಿಯನ್ನೇ ನೋಡುತ್ತ ಕೇಳಿದಳು,
"ಸೂಟು ಕಳೆದಾ, ಕಳೀದೇನಾ?"