ಐದನೆಯ ಫ್ಲಾಸ್ಕು

ಕಡಲು ನಾನು ಕಂಡವನಲ್ಲ.
ಚಿಂತಾಮಣಿ ಬಿಟ್ಟು ಮೂಡಲಿಗೆ ಹೊರಟರೆ
ಮೊದಲು ಮಾವಿನ ತೋಪು, ಆಮೇಲೆ ಆಂಧ್ರ,
ಅದರಾಚೆ ಎಲ್ಲೋ ಇರಬೇಕು.
ನನಗೆ ಗೊತ್ತಿರುವ ಕಡಲು ಇನ್ನೂರೈವತ್ತು ಮಿಲಿಲೀಟರು,
ಬಾಯಿಗೆ ಹತ್ತಿ ತುರುಕಿಸಿಕೊಂಡು
ಟ್ಯೂಬ್‌ಲೈಟಿನ ಕೆಳಗೆ ಸಾಲಾಗಿ ಆರು.

ಲ್ಯಾಬಿನ ಬೀಗದ ಕೈ ನನ್ನದು. ಅಟೆಂಡರ್ ಗಂಗುಲಪ್ಪ.
ಬೆಳಿಗ್ಗೆ ಬಂದು ಒಂದೊಂದನ್ನೇ ಅಲುಗಿಸಿ
ತಳಕ್ಕಿಳಿದ ಹಸಿರನ್ನು ಎಬ್ಬಿಸಬೇಕು,
ನೀರು ಇಳಿದಿದ್ದರೆ ಬಟ್ಟಿ ನೀರು ಹನಿಸಿ
ಗೆರೆ ಮುಟ್ಟಿಸಬೇಕು.
ಬೋರಿನ ನೀರಲ್ಲ ಮತ್ತೆ!
ನಮ್ಮ ಬೋರಿನ ನೀರು ಕಾಯಿಸಿದ ಪಾತ್ರೆ
ಸುಣ್ಣ ಬಳಿದ ಗೋಡೆ.

ನಮ್ಮ ತಾತ ಚೌಳು ಕೆರೆದವನು.
ಮಾಘದ ನಸುಕಿನಲ್ಲಿ ಕೆರೆಯಂಗಳದಲ್ಲಿ
ಅರಳಿದ ಬಿಳಿಯನ್ನು ಸಲಿಕೆಯಲ್ಲಿ ಹೆರೆದು,
ಗುಡ್ಡೆ ಹಾಕಿ, ನೀರು ಬಿಟ್ಟು, ಬಸಿದು,
ಬಿಸಿಲಿಗೆ ಒಪ್ಪಿಸಿ ಕಾಯುತ್ತಿದ್ದ.
ಅವನ ಅಂಗೈಯಲ್ಲಿ ಇದ್ದದ್ದು ರೇಖೆಗಳಲ್ಲ, ಸೀಳು.
ರಾತ್ರಿ ಅಜ್ಜಿ ಪುಟ್ಟ ಸೀಸೆಯಿಂದ ಏನೋ ಸವರುತ್ತಿದ್ದಳು.
ಆಮೇಲೆ ಗೂಡ್ಸ್ ಬಂಡಿಯಲ್ಲಿ ಸಮುದ್ರದುಪ್ಪು ಬಂತು.
ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ;
ಸಂತೆಯಲ್ಲಿ ನಮ್ಮ ಮೂಟೆಯ ಮುಂದೆ
ನಿಲ್ಲುವುದನ್ನು ಬಿಟ್ಟರು, ಅಷ್ಟೆ.

ಈಗ ನನಗೆ ಬಿ.ಪಿ.
"ಉಪ್ಪು ಬಿಡ್ಬೇಕು ಗಂಗುಲಪ್ಪ" ಅಂದರು ಡಾಕ್ಟರು.
ಉಪ್ಪಾರರ ಮನೆಯವನಿಗೆ!
ಪಿಳ್ಳಮ್ಮ ನಗುತ್ತಲೇ ಬಡಿಸಿದಳು,
ಸಪ್ಪೆ ಹುರುಳಿ ಸಾರು.

ದಸರಾ ರಜೆಗೆ ಹನ್ನೊಂದು ದಿನ ಇತ್ತ ಬರಲಿಲ್ಲ.
ಮುರುಗಮಲ್ಲದಲ್ಲಿ ನಾದಿನಿಯ ಮನೆ; ನೆಪ ಹೇಳುವುದಿಲ್ಲ.
ಬಂದು ನೋಡಿದರೆ ಐದನೆಯದರ ಹತ್ತಿ ಬಿದ್ದಿದೆ,
ನೀರು ಅರ್ಧಕ್ಕಿಳಿದಿದೆ,
ಗಾಜಿನ ಒಳಮೈಗೆ ಬಿಳಿ ಉಂಗುರ.
ತಾತ ಕೆರೆದದ್ದೇ ಆ ಬಿಳಿ.
ಹಸಿರಿದ್ದ ಕಡೆ ಕಿತ್ತಳೆಯ ಸುಳಿವು.

ತಬಸ್ಸುಮ್ ಮೇಡಂ ಬೈಯಲಿಲ್ಲ. ಒಂದು ಹನಿ ಗಾಜಿಗಿಟ್ಟು
ಕಣ್ಣು ನೆಟ್ಟು ಬಹಳ ಹೊತ್ತು ಕೂತರು.
"ಬನ್ನಿ, ನೀವೇ ನೋಡಿ."
ನೋಡಿದೆ. ಈಜುತ್ತಿದ್ದವು!
ಹೆಸರುಕಾಳಿನಂಥವು, ಎರಡೆರಡು ಎಳೆ ಬಡಿಯುತ್ತ,
ಏನೂ ಆಗದವರ ಹಾಗೆ.

ಇವಕ್ಕೆ ಗೋಡೆಯಿಲ್ಲವಂತೆ, ತೆಳು ಪೊರೆಯಷ್ಟೇ.
ಹೊರಗೆ ಉಪ್ಪೇರಿದರೆ ಒಳಗಿನ ನೀರು ಓಡಿಹೋಗಿ
ಜಾಡಿಯ ಮಾವಿನ ಹೋಳಿನಂತೆ ಮುದುಡುತ್ತವಂತೆ.
ಆಗ ಕೂಡಿಟ್ಟ ಹಿಟ್ಟನ್ನು ಒಡೆದು
ಒಳಗೇ ಸಣ್ಣದೊಂದು ಅಣು ಕಟ್ಟಿಕೊಳ್ಳುತ್ತವೆ,
ಹೊರಗಿನ ಉಪ್ಪಿಗೆ ತೂಗುವಷ್ಟು,
ಓಡಿದ ನೀರು ಮರಳಿ ಬರುವಷ್ಟು.
"ಗ್ಲಿಸರಿನ್, ಗಂಗುಲಪ್ಪ. ಚಳಿಗೆ ತುಟಿಗೆ ಹಚ್ಚಲ್ವಾ, ಅದೇ."
ಕಡಲಲ್ಲಿ ಬೇರೆಯವೂ ಇವೆಯಂತೆ, ಗಾಜಿನ ಡಬ್ಬಿ ತೊಟ್ಟವು;
ಅವುಗಳದು ಪ್ರೋಲಿನ್, ಬೀಟೈನ್, ಇನ್ನೂ ಏನೇನೋ.
ನಾನು ಅಲ್ಲೇ ನಿಂತುಬಿಟ್ಟಿದ್ದೆ,
ಅಜ್ಜಿಯ ಸೀಸೆಯ ಹತ್ತಿರ.

ಮಾಡಿದ ತಪ್ಪಿಗೆ ಆತುರ ಹೆಚ್ಚು.
ನೀರಿನ ಜಗ್ಗು ಎತ್ತಿ ಬಗ್ಗಿಸಿಯೇಬಿಟ್ಟಿದ್ದೆ,
ಮೇಡಂ ಮಣಿಕಟ್ಟು ಹಿಡಿದರು. "ಒಮ್ಮೆಗೇ ಬೇಡ. ಒಡೀತಾವೆ."
ಒಳಗೆ ತುಂಬಿಕೊಂಡದ್ದನ್ನು ಮತ್ತೆ ಹಿಟ್ಟು ಮಾಡಿ
ಕಟ್ಟಿಡುವುದಕ್ಕೂ ಹೊತ್ತು ಬೇಕು.
ಉಪ್ಪು ಕೊಲ್ಲದ್ದನ್ನು ಸಿಹಿನೀರು ಕೊಲ್ಲಬಲ್ಲದೆಂದು
ಐವತ್ತೆಂಟು ವರ್ಷ ನನಗೆ ಯಾರೂ ಹೇಳಿರಲಿಲ್ಲ.

ಸಂಜೆಯವರೆಗೆ ಸ್ಟೂಲಿನ ಮೇಲೆ ಕೂತು
ಹನಿ. ತಡೆದು, ಇನ್ನೊಂದು ಹನಿ.
ಹೊರಗೆ ಟೊಮೆಟೊ ಲಾರಿಗಳು ಹಾರ್ನು ಹೊಡೆದವು.
ಪಿಳ್ಳಮ್ಮನ ಫೋನು ಎರಡು ಸಲ ಬಂದು ನಿಂತಿತು.
ರಿಜಿಸ್ಟರಿನಲ್ಲಿ "ಕಾರಣ" ಎಂಬ ಕಡೆ
ಮೇಡಂ ಇಂಗ್ಲಿಷಿನಲ್ಲಿ ಒಂದೂವರೆ ಸಾಲು ಬರೆದಿದ್ದರು.
ಅದರ ಕೆಳಗೆ "ಮರೆತೆ" ಎಂದು ಬರೆದು ರುಜು ಹಾಕಿದೆ.

ದೀಪ ಆರಿಸುವ ಮುನ್ನ
ಫ್ಲಾಸ್ಕಿನ ಕಂಠದಿಂದ ಆ ಬಿಳಿಯನ್ನು ಉಗುರಲ್ಲಿ ಕೆರೆದು,
ಅತ್ತಿತ್ತ ನೋಡಿ,
ನಾಲಿಗೆಗೆ ಇಟ್ಟೆ.

ಪಿಳ್ಳಮ್ಮನಿಗೆ ಹೇಳಬೇಡಿ.