ಮುಚ್ಚಳ ಸಡಿಲಿಸುವ ವಾರ

ಗಂಗಾವತಿಯ ಅಕ್ಕಿ ಗಿರಣಿಗಳ ಹಿಂದೆ,
ಹೊಟ್ಟಿನ ಬೂದಿ ಕಿಟಕಿಗೆ ಬಂದು ಕೂರುವ ಕಡೆ
ನಮ್ಮ ಲ್ಯಾಬು.
ಒಳಗೆ ಗಾಜಿನ ಬಾಟಲಿ, ಬಾಟಲಿಯೊಳಗೆ ಬಾಳೆ,
ಒಂದೊಂದೂ ಕಿರುಬೆರಳಷ್ಟು.

ನನ್ನ ಕೆಲಸ ತೂಗುವುದು.
ಲೀಟರಿಗೆ ಮೂವತ್ತು ಗ್ರಾಂ ಸಕ್ಕರೆ, ಅಗರ್ ಎಂಟು,
ಆಮೇಲೆ ಉಸಿರು ಬಿಗಿಹಿಡಿದು
ಮಿಲಿಗ್ರಾಂ ಲೆಕ್ಕದ ಬಿಳಿ ಪುಡಿ.
ಸೈಟೊಕೈನಿನ್ ಹೆಚ್ಚಾದರೆ
ಚಿಗುರಿನ ಬುಡಕ್ಕೆ ಚಿಗುರು, ಅದರ ಬುಡಕ್ಕೆ ಇನ್ನೊಂದು,
ಬೇರಿನ ನೆನಪೇ ಇಲ್ಲ.
ಆಕ್ಸಿನ್ ಕಡೆ ತಕ್ಕಡಿ ವಾಲಿದರೆ
ಬೇರು ಇಳಿಯುತ್ತದೆ.
ಒಮ್ಮೆ ಸೆಕೆ ತಾಳದೆ ಫ್ಯಾನು ಹಾಕಿಕೊಂಡು ತೂಗಿದೆ.
ಆ ತಿಂಗಳು ನಲವತ್ತು ಬಾಟಲಿಯಲ್ಲಿ
ಹೂಕೋಸಿನಂಥ ಗಂಟು.
ಸಾಹೇಬರು ಕೇಳಿದರು.
ಫ್ಯಾನಿನ ವಿಷಯ ನಾನು ಹೇಳಲಿಲ್ಲ.

ಬಾಟಲಿಯೊಳಗೆ ಬಿಸಿಲಿಲ್ಲ, ಟ್ಯೂಬ್‌ಲೈಟಿದೆ.
ಊಟ ಬೇರಿಗೇ ಬರುತ್ತದೆ, ಸಕ್ಕರೆ ಹಾಕಿ.
ಬಾಯಾರಿಕೆ ಎಂಬುದಿಲ್ಲ.
ಎಲೆಗೆ ಮೇಣದ ಲೇಪವಿಲ್ಲ,
ಪತ್ರರಂಧ್ರ ಹಗಲೂ ರಾತ್ರಿ ಹಾರುಹೊಡೆದ ಬಾಗಿಲು.
ಮುಚ್ಚಬೇಕೆಂದು ಯಾರೂ ಹೇಳಿಲ್ಲ,
ಹೇಳುವ ಕಾರಣ ಬಂದಿಲ್ಲ.

ಹೊರಗೆ ಹುಸೇನಮ್ಮನ ರಾಜ್ಯ:
ಹಸಿರು ನೆರಳುಪರದೆ, ಮಂಜು ಉಗುಳುವ ನಳಿಗೆ,
ತೆಂಗಿನ ನಾರಿನ ಹುಡಿ ತುಂಬಿದ ಟ್ರೇ.
ಬೇರಿಗಂಟಿದ ಅಗರ್ ತೊಳೆಯುವ ಅವಳ ಕೈ
ಹೊಳೆಮೀನು ತೊಳೆಯುವ ಕೈ, ಬಲು ಚುರುಕು.
“ಸಕ್ರಿ ಉಳಿದ್ರ ಬೂಜು ಹಿಡಿತೈತಿ.”
ಮೊದಲ ವಾರ ಪೂರ್ತಿ ಪ್ಲಾಸ್ಟಿಕ್ ಹೊದಿಕೆ,
ಎರಡನೆಯ ವಾರ ಒಂದು ಅಂಚು ಎತ್ತಿ ಕಲ್ಲಿಡುತ್ತಾಳೆ.
ಎಷ್ಟು ಎತ್ತಬೇಕೆಂದು ಚಾರ್ಟಿನಲ್ಲಿದೆ.
ಅವಳು ಮೊಣಕೈ ಒಳಗಿಟ್ಟು ನೋಡುತ್ತಾಳೆ.

ಏಪ್ರಿಲ್ ಹನ್ನೊಂದು, ಮಧ್ಯಾಹ್ನ ಕರೆಂಟು ಹೋಯಿತು.
ಮಂಜು ನಿಂತಿತು. ಅರ್ಧ ಗಂಟೆಯಲ್ಲಿ
ಮೂರನೆಯ ವಾರದ ಎರಡು ಸಾವಿರ ಬಾಳೆ
ಒದ್ದೆ ಕಾಗದದ ಹಾಗೆ ಮಡಚಿ ಬಿದ್ದವು.
ನಾನು ಕೊಡ ಹಿಡಿದು ಓಡಿದೆ.
“ತಡೀರಿ. ಬುಡಕ್ಕ ನೀರು ಬ್ಯಾಡ. ಮ್ಯಾಲ ಚೀಲ ಹೊಚ್ಚರಿ.”
ಗಿರಣಿಯ ಖಾಲಿ ಚೀಲ ನೆನೆಸಿ ಹೊಚ್ಚಿದೆವು.
ಸೋನಾ ಮಸೂರಿಯ ವಾಸನೆ, ಅದರ ಕೆಳಗೆ
ಯಾವ ಬೇರಿನ ತುದಿಯಿಂದಲೋ
ನಾನೆಂದೂ ತೂಗದ ಒಂದು ಆಮ್ಲ ಏರುತ್ತಿದ್ದಿರಬೇಕು.
ಅಬ್ಸಿಸಿಕ್ ಎನ್ನುತ್ತದೆ ಪುಸ್ತಕ.
ನೀರು ಕಡಿಮೆ ಬಿದ್ದ ದಿನ
ಗಿಡ ತನಗೆ ತಾನೇ ಕಾಸಿಕೊಳ್ಳುವ ಕಷಾಯ.

ಸಂಜೆ ಚೀಲ ಸರಿಸಿದಾಗ ಮುನ್ನೂರು ಏಳಲಿಲ್ಲ.
ಮರುದಿನ ನಡುಹಗಲು, ಎದ್ದುನಿಂತ ಒಂದರ ಎಲೆಯಡಿಗೆ
ಹುಸೇನಮ್ಮನ ಮಗಳ ಉಗುರುಬಣ್ಣ ಹಚ್ಚಿ,
ಒಣಗಿಸಿ, ಸುಲಿದು, ಮೈಕ್ರೋಸ್ಕೋಪಿನ ಕೆಳಗಿಟ್ಟೆ.
ತುಟಿಗಳು. ಬಹುಪಾಲು ಮುಚ್ಚಿದ್ದವು.
ಕೆಲವು ಅರೆಬರೆ,
ಮಾತು ನಡುವೆ ನಿಲ್ಲಿಸಿದವರ ಹಾಗೆ.
ಅವಳನ್ನು ಕರೆದು ತೋರಿಸಿದೆ.
ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.
“ಮೊನ್ನಿ ತನಕ ಬಾಯಿ ಬಿಟ್ಕೊಂಡ ಇದ್ವಲ್ಲ ಇವು,”
ಎಂದು ಎದ್ದು ಹೋದಳು,
ಸತ್ತ ಮುನ್ನೂರನ್ನು ಎಣಿಸಿ ಬರೆಸಲು.

ಜೂನಿನಲ್ಲಿ ಕಂಪ್ಲಿಯ ಟ್ರಾಕ್ಟರಿಗೆ ಟ್ರೇ ಹೇರುವಾಗ
ಗಾಳಿ ಬೀಸಿ ಒಂದು ಎಲೆ
ನರದಗುಂಟ ಸೀಳಿತು, ಅದರ ಮೊದಲ ಹರಕು.
ನಾನು ಒಳಗೆ ಬಂದು
ಫ್ಯಾನು ಆರಿಸಿ
ತಕ್ಕಡಿ ಸೊನ್ನೆಗೆ ಬರಲೆಂದು ಕಾಯುತ್ತ ಕೂತೆ.